ರೇಷ್ಮೆಯ ಕೋಶ ಮತ್ತು ಹಾಲು ಬಿಡಿಸಿದ ಹಂದಿಮರಿ: ಕೆಂಗಲ್ ಪ್ರದೇಶದ ಆರ್ಥಿಕ ಚರಿತ್ರೆಯಲ್ಲಿ ಒಂದು ಪ್ರಶ್ನೆ

೧. ವಿಷಯ ಪ್ರವೇಶ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವುದಕ್ಕೆ ಮೊದಲು, ಕೆಂಗಲ್ ಎಂಬ ಕ್ಷೇತ್ರವು ದೊರೆಯುತ್ತದೆ. ಇಲ್ಲಿಯ ಆಂಜನೇಯನ ಗುಡಿಯೂ, ಸಂಕ್ರಾಂತಿಯ ಸುಮಾರಿಗೆ ಕೂಡುವ ದನಗಳ ಜಾತ್ರೆಯೂ ನಾಡಿನಲ್ಲಿ ಹೆಸರಾದವು. ಹಳ್ಳಿಕಾರ್ ತಳಿಯ ಹೋರಿಗಳನ್ನು ಸಿಂಗರಿಸಿ ತಂದು, ಹಲ್ಲು ನೋಡಿ, ಸುಳಿ ನೋಡಿ, ಬೆಲೆ ಕಟ್ಟುವ ಆ ಜಾತ್ರೆಯಲ್ಲಿ ರೈತನ ಪಶುಸಂಪತ್ತಿಗೆ ಸಲ್ಲಬೇಕಾದ ಗೌರವವೆಲ್ಲ ಸಲ್ಲುತ್ತದೆ. ಆದರೆ ಆ ಗೌರವದ ಪಟ್ಟಿಯಲ್ಲಿ ಹಂದಿಗೆ ಸ್ಥಾನವಿಲ್ಲ. ಹಾಗೆಯೇ, ಇದೇ ಸೀಮೆಯ ಮತ್ತೊಂದು ಹೆಮ್ಮೆಯಾದ ರೇಷ್ಮೆಯ ವಿಚಾರದಲ್ಲಿ ನೂಲಿಗೆ ಸಲ್ಲುವ ಗಮನವು ನೂಲನ್ನು ತೆಗೆದ ಮೇಲೆ ಉಳಿಯುವ ಹುಳುವಿಗೆ ಸಲ್ಲುವುದಿಲ್ಲ.

ಗೌರವದ ಪಟ್ಟಿಯಿಂದ ಹೊರಗುಳಿದ ಈ ಎರಡು ವಸ್ತುಗಳು ಒಂದಕ್ಕೊಂದು ಉಪಯೋಗವಾಗಬಲ್ಲವೇ ಎಂಬುದೇ ಈ ಲೇಖನದ ಪ್ರಶ್ನೆ. ಪ್ರಶ್ನೆಯನ್ನು ಇನ್ನಷ್ಟು ಖಚಿತವಾಗಿ ಹೀಗೆ ಹೇಳಬಹುದು: ತಾಯಿಯ ಹಾಲನ್ನು ಬಿಡಿಸಿದ ಹಂದಿಮರಿಯು ತನ್ನ ಜೀವನದ ಅತ್ಯಂತ ಕಷ್ಟದ ಕಾಲವನ್ನು ದಾಟಲು ಬೇಕಾದ ಪ್ರೋಟೀನು ಅಥವಾ ಸಸಾರಜನಕವನ್ನು ರೇಷ್ಮೆ ನೂಲು ಬಿಚ್ಚುವ ಒಲೆಗಳ ಬದಿಯಲ್ಲಿ ಉಳಿಯುವ ಕೋಶದಿಂದ ಎಷ್ಟರಮಟ್ಟಿಗೆ ಪಡೆಯಬಹುದು? ಚರಿತ್ರೆಯ ಅಧ್ಯಾಪಕರಾದ ನಾವು ಪಶುಪೋಷಣೆಯ ವಿಷಯವನ್ನು ಎತ್ತಿಕೊಂಡುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಒಂದು ಸೀಮೆಯ ಜನ ಯಾವುದನ್ನು ಉತ್ಪನ್ನವೆಂದು ಕರೆದರು, ಯಾವುದನ್ನು ಕಸವೆಂದು ಬಿಟ್ಟರು ಎಂಬುದು ಆರ್ಥಿಕ ಚರಿತ್ರೆಯ ಒಂದು ಮುಖ್ಯ ಭಾಗವೆಂದು ನಮ್ಮ ನಂಬಿಕೆ. ವಿಜ್ಞಾನದ ಸಂಗತಿಗಳನ್ನು ಆ ವಿಷಯವನ್ನು ಬಲ್ಲವರ ಮಾರ್ಗವನ್ನು ಅನುಸರಿಸಿ, ಸಾಧ್ಯವಾದಷ್ಟು ಸರಳವಾಗಿ ನಿರೂಪಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

೨. ಕನ್ನಡ ನಾಡಿನ ಚರಿತ್ರೆಯಲ್ಲಿ ಹಂದಿ

ಕಾಡುಹಂದಿಯು ನಮ್ಮ ಚರಿತ್ರೆಗೆ ಅಪರಿಚಿತವಲ್ಲ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಕಾಲದ ಚಿನ್ನದ ನಾಣ್ಯದ ಹೆಸರೂ ವರಾಹ. ಚನ್ನಪಟ್ಟಣದ ನೆರೆಯ ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. ೯೪೯ರ ಕಾಲದ ಪ್ರಸಿದ್ಧ ಶಾಸನವು ಮಣಲೇರನ 'ಕಾಳಿ' ಎಂಬ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ತಿಳಿಸುತ್ತದೆ. ಬೇಟೆಯ ಹಂದಿಗೆ ಕಲ್ಲಿನ ಮೇಲೆ ಸ್ಥಾನ ದೊರೆಯಿತು.

ಸಾಕುಹಂದಿಯ ಕಥೆ ಬೇರೆ. ಅದರ ಪಾಲನೆಯು ಬಹುಕಾಲ ಕೆಲವೇ ಸಮುದಾಯಗಳ ಕೈಯಲ್ಲಿದ್ದಿತು. ಹಂದಿಜೋಗಿಗಳಂಥವರಿಗೆ ಈ ವೃತ್ತಿಯೇ ಹೆಸರಾಗಿ ಅಂಟಿಕೊಂಡಿತು. ಹಂದಿಯು ಊರ ಹೊರಗೆ ತಿರುಗಿ, ಸಿಕ್ಕಿದುದನ್ನು ತಿಂದು, ತನ್ನಷ್ಟಕ್ಕೆ ತಾನೇ ಬೆಳೆಯುವ ಪ್ರಾಣಿಯೆಂಬ ಭಾವನೆಯಿದ್ದುದರಿಂದ ಅದರ ಮೇವಿನ ವಿಚಾರವು ಏಳಲೇ ಇಲ್ಲ. ಕೊಡಗು, ಕರಾವಳಿ ಮತ್ತು ಬೆಂಗಳೂರಿನ ದಂಡುಪ್ರದೇಶಗಳಲ್ಲಿ ಹಂದಿಯ ಮಾಂಸಕ್ಕೆ ಬೇಡಿಕೆ ಇದ್ದರೂ, ಮೈದಾನದ ಹಳ್ಳಿಗಳಲ್ಲಿ ಅದು ವ್ಯವಸಾಯದ ಒಂದು ಅಂಗವೆಂದು ಎಣಿಕೆಗೆ ಬಂದುದು ಇತ್ತೀಚೆಗೆ. ಲಾರ್ಜ್ ವೈಟ್ ಯಾರ್ಕ್‌ಷೈರ್ ಎಂಬ ಬಿಳಿಯ ವಿಲಾಯತಿ ತಳಿಯನ್ನು ಹೆಸರಘಟ್ಟದಂಥ ಸರ್ಕಾರಿ ಕೇಂದ್ರಗಳು ಬೆಳೆಸಿ ಹಂಚಿದವು. ೧೯೭೦-೭೧ರಲ್ಲಿ ಹಂದಿಗಳನ್ನು ಕುರಿತ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆಯು ಆರಂಭವಾಯಿತು. ಈ ತಳಿಯ ತಾಯಿಯು ಒಂದು ಸೂಲಿಗೆ ಎಂಟು ಹತ್ತು ಮರಿಗಳನ್ನು ಹಾಕುತ್ತದೆ. ಮರಿಯು ಬೇಗ ಬೆಳೆಯುತ್ತದೆ. ಆದರೆ ಬೇಗ ಬೆಳೆಯುವ ಮರಿಗೆ ಬೇಕಾದ ಆಹಾರವು ಊರ ಹೊರಗಿನ ತಿಪ್ಪೆಯಲ್ಲಿ ಸಿಕ್ಕುವುದಿಲ್ಲ. ತಳಿ ಬದಲಾಯಿತು, ಮೇವು ಬದಲಾಗಲಿಲ್ಲ. ಕಷ್ಟವು ಇಲ್ಲಿಂದ ಆರಂಭವಾಗುತ್ತದೆ.

ಹಂದಿ ಸಾಕಣೆ ಯಾವ ಕಾರಣಕ್ಕಾಗಿಯೋ ನಮ್ಮ ದೇಶದಲ್ಲಿ ಹಿಂದೆ ಸರಿಯುತ್ತಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿದ್ದ ಹಂದಿಗಳು ಸುಮಾರು ೯೦ ಲಕ್ಷ. ಇದು ೨೦೧೨ರ ಗಣತಿಗಿಂತ ಶೇಕಡ ೧೨ರಷ್ಟು ಕಡಿಮೆ. ೨೦೨೦ರಲ್ಲಿ ಆಫ್ರಿಕದ ಹಂದಿಜ್ವರವು ದೇಶವನ್ನು ಪ್ರವೇಶಿಸಿದ ಮೇಲೆ, ಹೋಟೆಲುಗಳ ಎಂಜಲನ್ನು ಕುದಿಸದೆ ಹಂದಿಗಳಿಗೆ ಹಾಕುವ ಪದ್ಧತಿಯು ಅಪಾಯಕರವೆಂಬುದು ಎಲ್ಲರ ಅನುಭವಕ್ಕೂ ಬಂದಿದೆ. ಹೀಗಿರುವಾಗ ಸಣ್ಣ ಸಾಕಣೆಗಾರನಿಗೆ ಸ್ಥಳದಲ್ಲೇ ದೊರೆಯುವ ಒಳ್ಳೆಯ ಮೇವು ಯಾವುದು ಎಂಬ ಪ್ರಶ್ನೆಗೆ ಹಿಂದೆಂದಿಗಿಂತಲೂ ಹೆಚ್ಚಿನ ಮಹತ್ವವುಂಟು.

೩. ಹಾಲು ಬಿಡಿಸಿದ ಹದಿನೈದು ದಿನಗಳು

ಸ್ವತಂತ್ರವಾಗಿ ಬಿಟ್ಟಲ್ಲಿ ತಾಯಿಹಂದಿಯು ಮರಿಗೆ ಹಾಲನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ; ವಾರಗಳ ಕಾಲ ಕ್ರಮೇಣ ಕಡಿಮೆ ಮಾಡುತ್ತ, ಮೂರು ನಾಲ್ಕು ತಿಂಗಳಿಗೆ ಪೂರ್ಣವಾಗಿ ಬಿಡಿಸುತ್ತದೆ. ಅಷ್ಟರಲ್ಲಿ ಮರಿಯು ಇತರ ಆಹಾರವನ್ನು ಅಭ್ಯಾಸ ಮಾಡಿಕೊಂಡಿರುತ್ತದೆ. ಸಾಕಣೆಯಲ್ಲಿ ಹಾಗಲ್ಲ. ಹಿಂದೆ ಎಂಟು ವಾರಕ್ಕೆ ಬಿಡಿಸುವ ರೂಢಿಯಿದ್ದಿತು. ದೊಡ್ಡ ಉದ್ಯಮಗಳಲ್ಲಿ ಈಗ ಮೂರು ನಾಲ್ಕು ವಾರಕ್ಕೇ ಬಿಡಿಸುತ್ತಾರೆ. ತಾಯಿಯಿಂದ ಅಗಲಿಕೆ, ಹೊಸ ದೊಡ್ಡಿ, ಹೊಸ ಜೊತೆ, ಹೊಸ ಆಹಾರ, ಇವೆಲ್ಲವೂ ಒಂದೇ ದಿನ ಮರಿಯ ಮೇಲೆ ಬೀಳುತ್ತವೆ.

ಇದರ ಪರಿಣಾಮವು ಕರುಳಿನಲ್ಲಿ ಕಾಣುತ್ತದೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳಿನಂತೆ ನಿಂತ ಅತಿ ಸೂಕ್ಷ್ಮವಾದ ಅಂಕುರಗಳಿವೆ. ಪಚನವಾದ ಆಹಾರವನ್ನು ಹೀರಿಕೊಳ್ಳುವ ಕೆಲಸ ಇವುಗಳದು. ಹಾಲು ಬಿಡಿಸಿದ ಮೇಲೆ ಮರಿಯು ಒಂದೆರಡು ದಿನ ಸರಿಯಾಗಿ ತಿನ್ನುವುದೇ ಇಲ್ಲ. ಆ ಕೆಲವು ದಿನಗಳಲ್ಲಿಯೇ ಈ ಅಂಕುರಗಳು ಕುಗ್ಗಿ ಗಿಡ್ಡವಾಗುತ್ತವೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಕಡಿಮೆಯಾಗುತ್ತ ಬರುತ್ತದೆ; ಹಿಟ್ಟನ್ನೂ ಸಸ್ಯದ ಪ್ರೋಟೀನನ್ನೂ ಒಡೆಯುವ ಕಿಣ್ವಗಳು ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಜಠರದಲ್ಲಿ ಆಮ್ಲವೂ ಸಾಲದು. ಆದುದರಿಂದ ಪಚನವಾಗದ ಪ್ರೋಟೀನು ಹಿಂಗರುಳಿಗೆ ಇಳಿದು ಕೊಳೆಯುತ್ತದೆ, ರೋಗಾಣುಗಳು ಹೆಚ್ಚುತ್ತವೆ, ಮರಿಗೆ ಭೇದಿ ಹತ್ತುತ್ತದೆ. ಬದುಕಿ ಉಳಿದ ಮರಿಯೂ ಹಲವು ದಿನ ತೂಕದಲ್ಲಿ ಏರದೆ ನಿಲ್ಲುತ್ತದೆ. ಇದನ್ನೇ ಬೆಳವಣಿಗೆಯ ತಡೆ ಎನ್ನುವರು.

ಸಾಕಣೆಗಾರನು ಈ ಸಂದರ್ಭದಲ್ಲಿ ಮಾಡುವ ತಪ್ಪುಗಳು ಎರಡು ಬಗೆಯವು. ಮರಿಗೆ ರಾಗಿಯ ಗಂಜಿ, ಕಲಗಚ್ಚು, ಬೂಸಾಗಳನ್ನು ಮಾತ್ರ ಹಾಕಿ ಪ್ರೋಟೀನನ್ನು ಮರೆಯುವುದು ಮೊದಲನೆಯದು. 'ಪ್ರೋಟೀನು ಒಳ್ಳೆಯದು' ಎಂದು ಕೇಳಿ, ಹಿಂಡಿಯನ್ನು ಮಿತಿಮೀರಿ ಸುರಿದು ಭೇದಿಯನ್ನು ಬರಮಾಡಿಕೊಳ್ಳುವುದು ಎರಡನೆಯದು. ಬೇಕಾದುದು ಪ್ರೋಟೀನಿನ ರಾಶಿಯಲ್ಲ. ಮರಿಯು ಅರಗಿಸಿಕೊಳ್ಳಬಲ್ಲ, ಸರಿಯಾದ ಗುಣದ ಪ್ರೋಟೀನು.

೪. ಪ್ರೋಟೀನಿನ ಗುಣವನ್ನು ಕುರಿತ ತಿಳಿವಳಿಕೆ ಬೆಳೆದು ಬಂದ ಬಗೆ

ಎಲ್ಲ ಪ್ರೋಟೀನೂ ಒಂದೇ ಅಲ್ಲವೆಂಬುದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಪಷ್ಟವಾಯಿತು. ಅಮೆರಿಕದ ಆಸ್ಬಾರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು, ೧೯೧೪ರ ಸುಮಾರಿನಲ್ಲಿ, ಕೆಲವು ಧಾನ್ಯಗಳ ಪ್ರೋಟೀನನ್ನು ಮಾತ್ರ ತಿಂದ ಇಲಿಗಳು ಬೆಳೆಯುವುದಿಲ್ಲವೆಂದೂ, ಲೈಸೀನ್ ಮೊದಲಾದ ಅಮೈನೋ ಆಮ್ಲಗಳನ್ನು ಸೇರಿಸಿದರೆ ಬೆಳೆಯುವುವೆಂದೂ ತೋರಿಸಿದರು. ಅಮೈನೋ ಆಮ್ಲಗಳು ಪ್ರೋಟೀನೆಂಬ ಗೋಡೆಯ ಇಟ್ಟಿಗೆಗಳಂತೆ. ಒಂದು ಬಗೆಯ ಇಟ್ಟಿಗೆ ಮುಗಿದರೆ, ಉಳಿದವು ಎಷ್ಟಿದ್ದರೂ ಗೋಡೆ ಏಳದು. ಧಾನ್ಯವನ್ನು ತಿನ್ನುವ ಹಂದಿಗೆ ಮೊದಲು ಮುಗಿಯುವ ಇಟ್ಟಿಗೆ ಲೈಸೀನ್.

ಸಸ್ಯಜನ್ಯವಾದ ಹಿಂಡಿಯನ್ನು ಮಾತ್ರ ತಿಂದ ಹಂದಿ ಕೋಳಿಗಳು ಹಿಂದೆ ಬೀಳುತ್ತವೆ, ಸ್ವಲ್ಪ ಮೀನಿನ ಪುಡಿಯನ್ನು ಸೇರಿಸಿದರೆ ಚೇತರಿಸಿಕೊಳ್ಳುತ್ತವೆ ಎಂಬ ಅನುಭವದಿಂದ, ಪ್ರಾಣಿಜನ್ಯ ಆಹಾರದಲ್ಲಿ ಯಾವುದೋ ಅಜ್ಞಾತ ಅಂಶವಿದೆಯೆಂದು ೧೯೪೦ರ ದಶಕದಲ್ಲಿ ಊಹಿಸಿದ್ದರು. ೧೯೪೮ರಲ್ಲಿ ಬಿ-೧೨ ಜೀವಸತ್ವವನ್ನು ಬೇರ್ಪಡಿಸಿದಾಗ ಆ ಅಂಶದ ಬಹುಪಾಲು ಅದೇ ಎಂದು ತಿಳಿಯಿತು. ಅದರ ಬೆನ್ನಲ್ಲೇ ಮತ್ತೊಂದು ಸಂಗತಿ ಹೊರಬಿದ್ದಿತು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಆರಿಯೋಮೈಸಿನ್ ಔಷಧವು ದೊರೆತಿದ್ದಿತು. ಅವರು ೧೯೪೮ರಲ್ಲಿ ತೀರಿಕೊಂಡ ಮೇಲೆ, ಅದೇ ಪ್ರಯೋಗಶಾಲೆಯ ಜೂಕ್ಸ್ ಮತ್ತು ಸ್ಟಾಕ್‌ಸ್ಟಡ್ ಅವರು ಆ ಔಷಧವನ್ನು ತೆಗೆದು ಉಳಿದ ಹುದುಗನ್ನು ಮೇವಿಗೆ ಸೇರಿಸಿದಾಗ, ಬಿ-೧೨ರಿಂದ ನಿರೀಕ್ಷಿಸಬಹುದಾದುದಕ್ಕಿಂತಲೂ ಹೆಚ್ಚಿನ ಬೆಳವಣಿಗೆಯನ್ನು ಕಂಡರು. ಹೀಗೆ ಜೀವಿರೋಧಕ ಔಷಧಗಳನ್ನು ಮೇವಿನಲ್ಲಿ ಬೆರೆಸುವ ಪದ್ಧತಿ ಹುಟ್ಟಿತು.

ಈ ಪದ್ಧತಿಯು ಅರ್ಧ ಶತಮಾನ ನಡೆಯಿತು. ಹಾಲು ಬಿಡಿಸಿದ ಮರಿಗಳ ಭೇದಿಯನ್ನು ಮುಚ್ಚಿಹಾಕಿತು. ಔಷಧಕ್ಕೆ ಜಗ್ಗದ ರೋಗಾಣುಗಳನ್ನೂ ಬೆಳೆಸಿತು. ಯೂರೋಪಿನ ಒಕ್ಕೂಟವು ಬೆಳವಣಿಗೆಗಾಗಿ ಇಂಥ ಔಷಧಗಳನ್ನು ಬೆರೆಸುವುದನ್ನು ೨೦೦೬ರಲ್ಲಿ ನಿಲ್ಲಿಸಿತು. ಭೇದಿಯನ್ನು ತಡೆಯಲು ಹೆಚ್ಚು ಪ್ರಮಾಣದಲ್ಲಿ ಕೊಡುತ್ತಿದ್ದ ಸತುವಿನ ಆಕ್ಸೈಡನ್ನು ೨೦೨೨ರಲ್ಲಿ ಹಿಂತೆಗೆಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ ಸರ್ಕಾರವು ೨೦೧೯ರಲ್ಲಿ ನಿಷೇಧಿಸಿತು. ಔಷಧದ ಆಸರೆ ತಪ್ಪಿದೊಡನೆ ಪ್ರಶ್ನೆಯು ಮರಳಿ ಮೊದಲಿನ ಸ್ಥಾನಕ್ಕೇ ಬಂದು ನಿಂತಿದೆ: ಮರಿಗೆ ಏನನ್ನು ತಿನ್ನಿಸಬೇಕು?

ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಮರಿಯು ದಿನಕ್ಕೆ ೨೦೦ ಗ್ರಾಂ ತೂಕ ಏರಬೇಕೆಂದಿಟ್ಟುಕೊಂಡರೆ, ಅದರಲ್ಲಿ ಸುಮಾರು ೩೨ ಗ್ರಾಂ ಪ್ರೋಟೀನು. ಆ ಪ್ರೋಟೀನಿನಲ್ಲಿ ಸುಮಾರು ೨.೨ ಗ್ರಾಂ ಲೈಸೀನ್. ಅರಗಿದ ಲೈಸೀನ್ ಎಲ್ಲವೂ ಮೈಗೆ ಸೇರುವುದಿಲ್ಲವಾದ್ದರಿಂದ ದಿನಕ್ಕೆ ಹೆಚ್ಚು ಕಡಿಮೆ ೩ ಗ್ರಾಂ ಬೇಕಾಗುತ್ತದೆ. ಈಗ ಮರಿಗೆ ದಿನಕ್ಕೆ ೩೫೦ ಗ್ರಾಂ ರಾಗಿಯನ್ನು ಮಾತ್ರ ಕೊಟ್ಟೆವೆನ್ನಿ. ರಾಗಿಯಲ್ಲಿ ಪ್ರೋಟೀನು ಶೇಕಡ ೭ರಷ್ಟು. ಆ ಪ್ರೋಟೀನಿನಲ್ಲಿ ಲೈಸೀನ್ ಶೇಕಡ ೩ರಷ್ಟು. ಆದುದರಿಂದ ದೊರೆಯುವುದು ೦.೭ ಗ್ರಾಂ, ಬೇಕಾದುದರ ಕಾಲುಭಾಗಕ್ಕಿಂತ ಕಡಿಮೆ. ರಾಗಿಯನ್ನು ಎಷ್ಟು ನುಣ್ಣಗೆ ಬೀಸಿದರೂ, ಎಷ್ಟು ಹದವಾಗಿ ಬೇಯಿಸಿದರೂ ಈ ಕೊರತೆಯು ತುಂಬುವುದಿಲ್ಲ.

ಕೊರತೆಯನ್ನು ತುಂಬಲು ನಮ್ಮಲ್ಲಿ ರೂಢಿಯಲ್ಲಿರುವ ಕಡಲೆಕಾಯಿ ಹಿಂಡಿಯು ಲೈಸೀನ್ ವಿಚಾರದಲ್ಲಿ ಬಡವಾದುದು. ಅದಲ್ಲದೆ ತೇವದಲ್ಲಿ ಬೂಷ್ಟು ಹಿಡಿದು ವಿಷವಾಗುವ ಅಪಾಯವೂ ಉಂಟು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಟರ್ಕಿ ಕೋಳಿಗಳು ಸತ್ತಾಗ ಅಫ್ಲಟಾಕ್ಸಿನ್ ಎಂಬ ಆ ವಿಷವು ಪತ್ತೆಯಾದುದು ಕಡಲೆಕಾಯಿ ಹಿಂಡಿಯಲ್ಲಿಯೇ. ಸೋಯಾ ಹಿಂಡಿಯಲ್ಲಿ ಲೈಸೀನ್ ಹೇರಳ. ಆದರೆ ಅದರ ಕೆಲವು ಪ್ರೋಟೀನುಗಳು ಎಳೆಯ ಮರಿಯ ಕರುಳನ್ನು ಕೆರಳಿಸುವುದರಿಂದ, ಮೊದಲ ವಾರಗಳಲ್ಲಿ ಅದನ್ನು ಚೆನ್ನಾಗಿ ಹುರಿದು, ಮಿತವಾಗಿ ಕೊಡಬೇಕು. ಕರಾವಳಿಯ ಮೀನಿನ ಪುಡಿ ಉತ್ತಮವಾದುದು. ಅದರ ಬೆಲೆ ಹೆಚ್ಚು, ಕಲಬೆರಕೆಯೂ ಹೆಚ್ಚು.

೫. ಒಲೆಯ ಬದಿಯ ಕೋಶ

ಈ ಸೀಮೆಯ ರೇಷ್ಮೆಯ ಚರಿತ್ರೆಯನ್ನು ಓದುಗರು ಬಲ್ಲರು. ಟಿಪ್ಪು ಸುಲ್ತಾನನು ೧೭೮೦ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಲು ಏರ್ಪಡಿಸಿದನು. ೧೮೯೦ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಮಾದರಿಯ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿದರು. ಇಟಲಿಯ ತಜ್ಞ ವಾಷಿಂಗ್‌ಟನ್ ಮಾರಿ ಅವರನ್ನು ಮೈಸೂರು ಸರ್ಕಾರವು ೧೯೧೩ರಲ್ಲಿ ನೇಮಿಸಿಕೊಂಡಿತು. ಮರುವರ್ಷ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವು ಸ್ಥಾಪಿತವಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾಯಿತು.

ಇಲ್ಲಿ ನಮ್ಮ ವಾದಕ್ಕೆ ಮುಖ್ಯವಾದ ಒಂದು ಸಂಗತಿಯುಂಟು. ನೂಲು ಬಿಚ್ಚುವಾಗ ಎಳೆ ಸಿಕ್ಕದೆ ಉಳಿಯುವ ರೇಷ್ಮೆಯ ಚೂರುಪಾರುಗಳು ಒಮ್ಮೆ ಅಗ್ಗದ ಕಸವಾಗಿದ್ದವು. ೧೯೩೦ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿಯು ಏರ್ಪಟ್ಟ ಮೇಲೆ ಆ ಕಸಕ್ಕೆ ಕಚ್ಚಾ ಸಾಮಗ್ರಿಯೆಂಬ ಹೆಸರೂ ಬೆಲೆಯೂ ಬಂದವು. ಕೋಶಕ್ಕೆ ಅಂಥ ಗಿರಣಿಯೊಂದು ಏಳಲಿಲ್ಲ. ಬಿಸಿನೀರಿನಲ್ಲಿ ಬೆಂದು, ನೂಲನ್ನೆಲ್ಲ ಬಿಟ್ಟುಕೊಟ್ಟ ಕೋಶವು ಒಲೆಯ ಬದಿಯಲ್ಲಿ ರಾಶಿಯಾಗಿ ಬೀಳುತ್ತದೆ. ವ್ಯಾಪಾರಿಗಳು ಅದನ್ನು ಕೊಂಡು, ಬಯಲಿನಲ್ಲಿ ಒಣಗಿಸಿ, ಎಣ್ಣೆಗಾಗಿಯೂ ಕೋಳಿ ಮೀನುಗಳ ಮೇವಿಗಾಗಿಯೂ ಸಾಗಿಸುತ್ತಾರೆ. ರಾಮನಗರದ ನೂಲು ಬಿಚ್ಚುವ ಕೇರಿಗಳಲ್ಲಿ ನಡೆದವರಿಗೆ ಅದರ ವಾಸನೆಯು ಮರೆಯುವಂಥದಲ್ಲ.

ಇದರ ಪ್ರಮಾಣವಾದರೂ ಎಷ್ಟು? ಹಸಿಯ ಗೂಡಿನ ತೂಕದಲ್ಲಿ ರೇಷ್ಮೆಯ ಕವಚವು ಐದರಲ್ಲಿ ಒಂದು ಭಾಗವನ್ನು ಮೀರುವುದು ಅಪರೂಪ, ಉಳಿದುದೆಲ್ಲ ಕೋಶ. ಕೋಶದಲ್ಲಿ ಮುಕ್ಕಾಲುಪಾಲು ನೀರು. ಆದುದರಿಂದ ೧೦೦ ಕಿಲೋ ಗೂಡಿನಿಂದ ಸುಮಾರು ೮೦ ಕಿಲೋ ಹಸಿಯ ಕೋಶವೂ, ಅದನ್ನು ಒಣಗಿಸಿದರೆ ಸುಮಾರು ೨೦ ಕಿಲೋ ಒಣಕೋಶವೂ ದೊರೆಯುತ್ತವೆ. ಒಣಕೋಶದಲ್ಲಿ ಅರ್ಧಕ್ಕೂ ಮಿಗಿಲಾಗಿ ಪ್ರೋಟೀನೂ, ಕಾಲುಭಾಗದಷ್ಟು ಎಣ್ಣೆಯೂ ಇರುತ್ತವೆ. ಎಣ್ಣೆಯನ್ನು ತೆಗೆದರೆ ಪ್ರೋಟೀನು ಶೇಕಡ ೭೦ರವರೆಗೂ ಅದಕ್ಕಿಂತ ಮೇಲೂ ಏರುತ್ತದೆ. ಆ ಪ್ರೋಟೀನಿನಲ್ಲಿ ಲೈಸೀನ್ ಶೇಕಡ ೬-೭ರಷ್ಟು. ಎಂದರೆ ರಾಗಿಯ ಪ್ರೋಟೀನಿನ ಎರಡರಷ್ಟಕ್ಕೂ ಹೆಚ್ಚು. ಮೆಥಿಯೊನಿನ್ ಎಂಬ ಅಮೈನೋ ಆಮ್ಲವೂ ಸೋಯಾಕ್ಕಿಂತ ಅಧಿಕ.

ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಮರಿಯ ೩೫೦ ಗ್ರಾಂ ಆಹಾರದಲ್ಲಿ ನೂರಕ್ಕೆ ೬೫ ಪಾಲು ರಾಗಿ, ೨೫ ಪಾಲು ಹುರಿದ ಸೋಯಾ ಹಿಂಡಿ, ೧೦ ಪಾಲು ಒಣಕೋಶದ ಪುಡಿ ಇರಲಿ. ರಾಗಿಯಿಂದ ಸುಮಾರು ೦.೫ ಗ್ರಾಂ, ಸೋಯಾದಿಂದ ೨.೪ ಗ್ರಾಂ, ಕೋಶದಿಂದ ೧.೧ ಗ್ರಾಂ, ಅಂತು ೪ ಗ್ರಾಂ ಲೈಸೀನ್ ದೊರೆಯುತ್ತದೆ. ಐದರಲ್ಲಿ ನಾಲ್ಕು ಭಾಗ ಅರಗಿದರೂ ಬೇಕಾದ ೩ ಗ್ರಾಂ ತುಂಬಿತು. ಮಿಶ್ರಣದ ಒಟ್ಟು ಪ್ರೋಟೀನು ಶೇಕಡ ೨೦ರ ಸುಮಾರಿಗೆ ನಿಲ್ಲುತ್ತದೆ; ಎಳೆಯ ಮರಿಗಳ ಆಹಾರಕ್ಕೆ ರೂಢಿಯಲ್ಲಿರುವ ಮಟ್ಟವೂ ಅದೇ. ಹತ್ತರಲ್ಲಿ ಒಂದು ಪಾಲಾದ ಕೋಶವು ಲೈಸೀನಿನ ಕಾಲುಭಾಗವನ್ನು ಒದಗಿಸುತ್ತದೆ ಎಂಬುದನ್ನು ಗಮನಿಸಬೇಕು. ಖನಿಜಗಳನ್ನೂ ಜೀವಸತ್ವಗಳನ್ನೂ ಬೇರೆಯಾಗಿ ಸೇರಿಸಬೇಕಾದ್ದರಿಂದ ಇದನ್ನು ಪೂರ್ಣವಾದ ಆಹಾರವೆಂದು ಯಾರೂ ಭಾವಿಸಬಾರದು. ಪ್ರಮಾಣಗಳ ಅಂದಾಜನ್ನು ಕೊಡುವುದಷ್ಟೆ ನಮ್ಮ ಉದ್ದೇಶ.

ಈ ಲೆಕ್ಕದಂತೆ ೨೦ ಕಿಲೋ ಒಣಕೋಶವು ೨೦೦ ಕಿಲೋ ಆಹಾರಕ್ಕೆ ಸಾಕು. ೮ ಕಿಲೋ ತೂಕದ ಮರಿಯು ೨೦ ಕಿಲೋ ಆಗುವವರೆಗೆ ಸುಮಾರು ೨೪ ಕಿಲೋ ಆಹಾರವನ್ನು ತಿನ್ನುತ್ತದೆಂದು ಎಣಿಸಿದರೆ, ೧೦೦ ಕಿಲೋ ಗೂಡಿನ ಕೋಶವು ಎಂಟು ಮರಿಗಳನ್ನು, ಎಂದರೆ ಸುಮಾರಾಗಿ ಒಂದು ಸೂಲಿನ ಮರಿಗಳನ್ನು, ಆ ಕಷ್ಟದ ಕಾಲದಿಂದ ದಾಟಿಸಬಲ್ಲದು.

೬. ತೊಡಕುಗಳು

ಇಷ್ಟು ಹೇಳಿ ಮುಗಿಸಿದರೆ ವಾದವು ಏಕಪಕ್ಷೀಯವಾಗುತ್ತದೆ. ಮೊದಲ ತೊಡಕು ಕೋಶದ ಎಣ್ಣೆಯದು. ಅದು ಗಾಳಿಗೆ ಬೇಗ ಕೆಡುವ ಜಾತಿಯ ಎಣ್ಣೆ. ಒದ್ದೆಯ ಕೋಶವನ್ನು ಒಂದೆರಡು ದಿನ ರಾಶಿ ಹಾಕಿದರೆ ಕೊಳೆಯುತ್ತದೆ. ಅರೆ ಒಣಗಿದುದನ್ನು ಮೂಟೆ ಕಟ್ಟಿದರೆ ಕಮಟುತ್ತದೆ. ಹಾಲು ಬಿಡಿಸಿದ ಮರಿಯು ಮೊದಲೇ ತಿನ್ನಲು ಹಿಂಜರಿಯುವಾಗ, ಕಮಟು ವಾಸನೆಯ ಆಹಾರವನ್ನು ಮುಟ್ಟುವುದೇ ಇಲ್ಲ. ಆದಕಾರಣ ಬೇಗ ಒಣಗಿಸಿ ಎಣ್ಣೆ ತೆಗೆದ ಕೋಶವು ಮಾತ್ರ ಮರಿಗೆ ಯೋಗ್ಯ.

ಎರಡನೆಯದು, ಕೋಶದ ಸಿಪ್ಪೆಯಲ್ಲಿರುವ ಕೈಟಿನ್. ಸಾರಜನಕವನ್ನು ಅಳೆದು ಪ್ರೋಟೀನನ್ನು ಲೆಕ್ಕ ಹಾಕುವಾಗ ಇದರ ಸಾರಜನಕವೂ ಸೇರುವುದರಿಂದ, ಕಾಗದದ ಮೇಲಿನ ಪ್ರೋಟೀನು ನಿಜವಾದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಮೂರನೆಯದು ಪ್ರಮಾಣದ ಪ್ರಶ್ನೆ. ಬ್ರೆಜಿಲಿನಲ್ಲಿಯೂ ನಮ್ಮ ಅಸ್ಸಾಮಿನಲ್ಲಿಯೂ ಕೋಶದ ಪುಡಿಯನ್ನು ಹಂದಿಗಳಿಗೆ ತಿನ್ನಿಸಿ ನೋಡಿದ ಪ್ರಯೋಗಗಳು ಮುಖ್ಯವಾಗಿ ಬೆಳೆಯುವ ವಯಸ್ಸಿನ ಹಂದಿಗಳ ಮೇಲೆ ನಡೆದವು. ದೊಡ್ಡ ಹಂದಿಯ ಕರುಳು ಅರಗಿಸಿಕೊಂಡುದನ್ನು ಐದು ವಾರದ ಮರಿಯ ಕರುಳೂ ಅರಗಿಸಿಕೊಳ್ಳುತ್ತದೆಂದು ಹೇಳಲಾಗದು. ಚರಿತ್ರೆಯಲ್ಲಿ ಒಂದು ಶತಮಾನದ ಸಾಕ್ಷ್ಯವನ್ನು ಮತ್ತೊಂದು ಶತಮಾನಕ್ಕೆ ಅನ್ವಯಿಸುವಾಗ ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸಬೇಕು.

ಹೊರಗಿನ ಪ್ರಪಂಚದ ಅನುಭವವು ಮಾತ್ರ ಉತ್ತೇಜನಕಾರಿಯಾಗಿದೆ. ಚೀನದ ಮುತ್ತಿನ ನದಿಯ ಮುಖಜಭೂಮಿಯಲ್ಲಿ ರೈತರು ಕೋಶವನ್ನೂ ಹುಳುವಿನ ಹಿಕ್ಕೆಯನ್ನೂ ಮೀನಿನ ಕೊಳಕ್ಕೆ ಹಾಕಿ, ಕೊಳದ ಗೋಡನ್ನು ಹಿಪ್ಪುನೇರಳೆಯ ಬುಡಕ್ಕೆ ಎತ್ತುವ ಪದ್ಧತಿಯನ್ನು ಶತಮಾನಗಳಿಂದ ನಡೆಸಿದರು. ಕೊರಿಯದಲ್ಲಿ ಕೋಶವು ಜನರ ತಿಂಡಿ. ಹಂದಿ ಕೋಳಿಗಳ ಮೇವಿನಲ್ಲಿ ಕೀಟಗಳ ಪ್ರೋಟೀನನ್ನು ಬಳಸಲು ಯೂರೋಪಿನ ಒಕ್ಕೂಟವು ೨೦೨೧ರಲ್ಲಿ ಅನುಮತಿಯಿತ್ತು, ಅದೇ ವರ್ಷದ ಕೊನೆಗೆ ರೇಷ್ಮೆಹುಳುವನ್ನೂ ಆ ಪಟ್ಟಿಗೆ ಸೇರಿಸಿತು. ನಮ್ಮ ಒಲೆಗಳ ಬದಿಯಲ್ಲಿ ನೂರು ವರ್ಷದಿಂದ ಬಿದ್ದಿರುವ ವಸ್ತುವನ್ನು ಅವರು ಹೊಸ ಪದಾರ್ಥವೆಂದು ಪರಿಶೀಲಿಸಿದರು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಹೊರಡುತ್ತವೆ. ಹಾಲು ಬಿಡಿಸಿದ ಹಂದಿಮರಿಗೆ ಧಾನ್ಯವೊಂದೇ ಸಾಲದು. ಲೈಸೀನ್ ತುಂಬಿದ, ಸುಲಭವಾಗಿ ಅರಗುವ ಪ್ರೋಟೀನು ಮಿತವಾಗಿ ಬೇಕು. ಎಣ್ಣೆ ತೆಗೆದು ಚೆನ್ನಾಗಿ ಒಣಗಿಸಿದ ರೇಷ್ಮೆಕೋಶಕ್ಕೆ ಆ ಪ್ರೋಟೀನಿನ ಒಂದು ಭಾಗವನ್ನು ಒದಗಿಸುವ ಯೋಗ್ಯತೆಯುಂಟು. ಎಳೆಯ ಮರಿಯ ವಿಚಾರದಲ್ಲಿ ಅದನ್ನು ಸ್ಥಾಪಿಸಲು ಪ್ರಯೋಗಗಳು ಈ ಸೀಮೆಯಲ್ಲಿಯೇ ನಡೆಯಬೇಕು. ಅದಕ್ಕೆ ಬೇಕಾದ ಸಂಸ್ಥೆಗಳು ದೂರದಲ್ಲಿಲ್ಲ: ೧೯೫೮ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯ ಕಾಲೇಜೂ, ೧೯೯೫ರಲ್ಲಿ ಆಡುಗೋಡಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಕೆಂಗಲ್ಲಿಗೆ ಒಂದೆರಡು ಗಂಟೆಯ ಹಾದಿಯಲ್ಲಿವೆ.

ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ಮೈಸೂರು ರೇಷ್ಮೆಯ ಲೆಕ್ಕಗಳಲ್ಲಿ ಗೂಡಿಗೆ ಒಂದು ಅಂಕಣ, ನೂಲಿಗೆ ಒಂದು ಅಂಕಣ ಇರುತ್ತದೆ. ಕೋಶವನ್ನು ಯಾರು ಕೊಂಡರು, ಏನು ಕೊಟ್ಟರು, ಬಿಸಿನೀರಿನಲ್ಲಿ ಕೈ ಅದ್ದಿ ದುಡಿಯುವ ಹೆಂಗಸರಿಗೆ ಅದರಿಂದ ಏನಾದರೂ ದಕ್ಕಿತೇ, ಊರ ಹೊರಗೆ ಹಂದಿ ಸಾಕಿದವರಿಗೂ ಊರ ಒಳಗೆ ನೂಲು ಬಿಚ್ಚಿದವರಿಗೂ ನಡುವೆ ಕೊಡುಕೊಳ್ಳುವಿಕೆ ನಡೆಯಿತೇ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಮುದುಕರ ಬಾಯಿಂದ ಕೇಳಿ ಬರೆದಿಡಬೇಕಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. ಅವರು ತಮ್ಮ ಮನೆಯ ಹಿರಿಯರನ್ನು ಕೇಳಿದರೆ, ಈ ಚರಿತ್ರೆಯ ಬರಿದಾದ ಅಂಕಣವು ತುಂಬಲು ಆರಂಭವಾಗುತ್ತದೆ.